ಒಂದೇ ಸಾಲಿನಲ್ಲಿ ಇಬ್ಬರು ನಬಿರ್ಯೆಯರು

ಬೆಳಕು ಹರಿಯುವ ಮುಂಚೆ ಪ್ರಾಸ್ಕೋವಿಯಾ ನೈಗಾಗ ಮುಗಿಸಬೇಕಾದ ಕೆಲಸಗಳು ಇವು. ನಾಲ್ಕೂಕಾಲಿಗೆ ಎದ್ದು, ಬೂದಿ ಕೊಡವಿ, ಇದ್ದಿಲ ಒಲೆ ಹೊತ್ತಿಸುವುದು. ನಲ್ಲಿ ನಿಂತುಹೋಗುವ ಮೊದಲು ಮೂರು ಹಳದಿ ಕ್ಯಾನುಗಳಲ್ಲಿ ನೀರು ಹಿಡಿಯುವುದು. ಒಂದು ಕ್ಯಾನಿನ ನೀರನ್ನು ಅತ್ತೆಯ ಸ್ನಾನಕ್ಕೆ ಕಾಯಲಿಡುವುದು. ಮೆಕ್ಕೆಜೋಳದ ಹಿಟ್ಟು ಕದಡಿ ಗಂಜಿಗಿಡುವುದು. ಮಧ್ಯಾಹ್ನಕ್ಕೆ ಗೆಣಸು ಹೆರೆದು ಬಾಳೆಲೆಯಲ್ಲಿ ಸುತ್ತಿಡುವುದು. ಗಂಡನ ಅಂಗಿಗೂ ಮಗನ ಚಡ್ಡಿಗೂ ಇಸ್ತ್ರಿ. ಅಂಗಳ ಗುಡಿಸುವುದು. ಒಲೆಯ ಪಕ್ಕದ ಮರದ ಪೆಟ್ಟಿಗೆಯ ಮೇಲೆ ಲ್ಯಾಪ್‌ಟಾಪ್ ತೆರೆದು, ಆರು ಲಕ್ಷ ಹೆಂಗಸರ ಡೇಟಾಬೇಸ್ ಉಸಿರಾಡುತ್ತಿದೆಯೇ ಎಂದು ನೋಡುವುದು. ರಾತ್ರಿ ಆದ ಬ್ಯಾಕಪ್ ಪೂರ್ತಿಯಾಗಿದೆಯೇ, ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ, ಡೇಟಾಬೇಸಿಗೆ ಕೇಳಿದ ಯಾವ ಪ್ರಶ್ನೆ ಯಾವುದಕ್ಕೆ ಅಡ್ಡ ನಿಂತಿದೆ ಎಂದು ನೋಡುವುದು. ಸತ್ತ ಸಾಲುಗಳನ್ನು ಗುಡಿಸಿಹಾಕುವುದು. ಐದೂವರೆಗೆ ಗಂಡನ ಮುಂದೆ ಮಂಡಿಯೂರಿ ಚಹಾ ಇಡುವುದು. ಆರಕ್ಕೆ ಸಂದೇಶಗಳು ಹೊರಟವೋ ಇಲ್ಲವೋ ಎಂದು ಕಾಯುವುದು.

ಸತ್ತ ಸಾಲುಗಳ ವಿಷಯ ಗಂಡ ಮುಗೋಯನಿಗೆ ಒಮ್ಮೆ ಹೇಳಲು ಹೋಗಿದ್ದಳು. ಪೋಸ್ಟ್‌ಗ್ರೆಸ್ ಎಂಬ ಅವಳ ಡೇಟಾಬೇಸಿನಲ್ಲಿ ಒಂದು ಸಾಲು ತಿದ್ದಿದರೆ ಹಳೆಯದು ಹೋಗುವುದಿಲ್ಲ, ಸತ್ತು ಅಲ್ಲೇ ಬಿದ್ದಿರುತ್ತದೆ. ಗುಡಿಸಲು ಅದರೊಳಗೇ ಒಂದು ಏರ್ಪಾಡಿದೆ. ಆದರೆ ದಿನಕ್ಕೆ ಲಕ್ಷಗಟ್ಟಲೆ ಸಾಲು ಬದಲಾಗುವ ಕಡೆ ಆ ಏರ್ಪಾಡನ್ನು ಎಬ್ಬಿಸುತ್ತಲೇ ಇರಬೇಕು. ಮುಗೋಯ ಸೆಕೆಂಡರಿ ಶಾಲೆಯ ಭೂಗೋಳದ ಮೇಷ್ಟ್ರು. ಕೇಳಿಸಿಕೊಂಡು, "ಅಂದರೆ ಅಲ್ಲೂ ಕಸ ಹೊಡೆಯೋದೇ ಅನ್ನು," ಎಂದು ನಕ್ಕ. ಅವನು ಸರಿಯಾಗಿಯೇ ಹೇಳಿದ್ದ ಎನ್ನುವುದೇ ಅವಳಿಗೆ ಚುಚ್ಚಿದ್ದು.

ಅವಳ ಆಫೀಸು ಜಿಂಜಾ ಪಟ್ಟಣದ ಮುಖ್ಯ ಬೀದಿಯಲ್ಲಿ, ತಗಡು-ಮೊಳೆ ಮಾರುವ ಅಂಗಡಿಯ ಮಹಡಿಯಲ್ಲಿತ್ತು. ಹಳ್ಳಿಗಳ ಬಸುರಿಯರಿಗೆ ಫೋನ್ ಸಂದೇಶ ಕಳಿಸುವುದು ಆ ಸಂಸ್ಥೆಯ ಕೆಲಸ: ತಪಾಸಣೆ ಯಾವತ್ತು, ಹೆರಿಗೆಗೆ ಎಲ್ಲಿಗೆ ಹೋಗಬೇಕು, ಜೊತೆಗೆ ಏನು ಒಯ್ಯಬೇಕು. ಎರಡು ಸಾವಿರ ಹೆಂಗಸರಿಂದ ಶುರುವಾದದ್ದು ಆರು ವರ್ಷದಲ್ಲಿ ಒಂಬತ್ತು ಜಿಲ್ಲೆಗೆ ಹರಡಿತ್ತು. ಪೋಸ್ಟ್‌ಗ್ರೆಸ್ಸನ್ನು ಯಾರೂ ಕೊಳ್ಳಬೇಕಿಲ್ಲ. ಎಲ್ಲೆಲ್ಲಿಯವರೋ ಸೇರಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು ಅದು. ಸಂಸ್ಥೆಯ ಮುಖ್ಯಸ್ಥ ಕೀರ್ಯ, ಹೊರದೇಶದಿಂದ ನೆರವು ಕೊಡುವವರು ಬಂದಾಗಲೆಲ್ಲ ಗೋಡೆಯ ಮೇಲೆ ಚಿತ್ರ ಬೀರಿ, ಡೇಟಾಬೇಸಿನ ಖರ್ಚು ಸೊನ್ನೆ ಎಂದು ತೋರಿಸುತ್ತಿದ್ದ. ಆ ಸೊನ್ನೆಯೊಳಗೆ ತಾನು ಇದ್ದಿಲ ಒಲೆಯ ಸಮೇತ ಕೂತಿರುವುದು ಪ್ರಾಸ್ಕೋವಿಯಾಳಿಗೆ ಹಿಂದಿನ ಸಾಲಿನ ಕುರ್ಚಿಯಿಂದ ಚೆನ್ನಾಗಿ ಕಾಣುತ್ತಿತ್ತು.

ನೇಮಕದ ಪತ್ರದಲ್ಲಿದ್ದದ್ದು ಬೆಳಿಗ್ಗೆ ಎಂಟರಿಂದ ಸಂಜೆ ಐದು. ಮುಂಜಾನೆ ಸರ್ವರ್ ನೋಡಿಕೊಳ್ಳುವವರು ಯಾರು ಎಂದು ಒಂದು ಸಭೆಯಲ್ಲಿ ಮಾತು ಬಂತು. ಒಬ್ಬ ತಾನು ದೂರ ಇರುವೆನೆಂದ. ಇನ್ನೊಬ್ಬ ತನಗೆ ಏಳಕ್ಕೆ ಮುಂಚೆ ಎಚ್ಚರವಾಗದೆಂದು ಧೈರ್ಯವಾಗಿಯೇ ಹೇಳಿದ. ಕೀರ್ಯ ಇವಳ ಕಡೆ ತಿರುಗಿದ. "ಪ್ರಾಸ್ಕೋ, ನೀನು ಹೇಗೂ ಎದ್ದಿರ್ತೀಯಲ್ಲ." ಅಲ್ಲಿಗೆ ತೀರ್ಮಾನವಾಯಿತು. ಅದು ಪತ್ರಕ್ಕೂ ಏರಲಿಲ್ಲ, ಸಂಬಳಕ್ಕೂ ಏರಲಿಲ್ಲ.

ಹೆಂಗಸರ ಸಂಖ್ಯೆ ನಾಲ್ಕು ಲಕ್ಷ ದಾಟಿದ ಮೇಲೆ ತೊಂದರೆ ಶುರುವಾಯಿತು. ಆರಕ್ಕೆ ಹೊರಟು ಏಳರೊಳಗೆ ಮುಗಿಯುತ್ತಿದ್ದ ಸಂದೇಶಗಳು ಹನ್ನೊಂದಾದರೂ ತೆವಳುತ್ತಿದ್ದವು. ಗಂಡಸು ಹೊಲಕ್ಕೋ ಕೆರೆಗೋ ಫೋನ್ ಜೇಬಿಗಿಟ್ಟುಕೊಂಡು ಹೊರಟ ಮೇಲೆ ಬಂದ ಸಂದೇಶ ಮನೆಯ ಹೆಂಗಸಿಗೆ ತಲುಪುವುದಿಲ್ಲ. ಪ್ರಾಸ್ಕೋವಿಯಾ ಎರಡು ವಾರ ಕೂತು ಒಂದು ದಾರಿ ಬರೆದಳು. ದೊಡ್ಡ ಪಟ್ಟಿಯನ್ನು ಹೆರಿಗೆಯ ತಿಂಗಳಿನ ಪ್ರಕಾರ ತುಂಡು ಮಾಡಿದರೆ ಬೆಳಗಿನ ಹುಡುಕಾಟಕ್ಕೆ ಒಂದೆರಡು ಕೋಣೆಯ ಬಾಗಿಲು ತೆರೆದರೆ ಸಾಕು. ಆಫೀಸಿನವರು ವರದಿಯ ಚಿತ್ರ ಬಿಡಿಸಲು ಪಟ್ಟಿಯ ಒಂದು ಪ್ರತಿಯನ್ನು ಎರಡನೇ ಯಂತ್ರದಲ್ಲಿಟ್ಟರೆ ಮೊದಲನೆಯದಕ್ಕೆ ಉಸಿರು ಬರುತ್ತದೆ. ಮೂರು ತಿಂಗಳ ಕೆಲಸ ಅದು.

ಕೀರ್ಯನಿಗೆ ಮೂರು ತಿಂಗಳು ಇರಲಿಲ್ಲ. ಪಟ್ಟಿಯಲ್ಲಿ ಒಂದೇ ಫೋನ್ ಸಂಖ್ಯೆ, ಒಂದೇ ಹೆಸರು ಎರಡೆರಡು ಸಲ ಬಂದಿರುವುದು ಅವನ ಕಣ್ಣಿಗೆ ಬಿದ್ದಿತ್ತು. ಅವನ ದಾರಿ ಸುಲಭದ್ದು: ಫೋನು ಮತ್ತು ಹೆಸರು ಎರಡೂ ಒಂದೇ ಆಗಿದ್ದರೆ ಕೊನೆಗೆ ತಿದ್ದಿದ ಸಾಲು ಇಟ್ಟುಕೊಂಡು ಉಳಿದದ್ದನ್ನು ಅಳಿಸು. ಇನ್ನು ಮುಂದೆ ಅಂಥದ್ದು ಒಳಗೆ ಬಾರದಂತೆ ನಿಯಮ ಹಾಕು. ಆಮೇಲೆ ಫೋನ್ ಸಂಖ್ಯೆಯ ಪ್ರಕಾರ ಪಟ್ಟಿಯನ್ನು ಎರಡು ಯಂತ್ರಗಳಿಗೆ ಹಂಚು.

"ಒಂದೇ ಫೋನು, ಒಂದೇ ಹೆಸರು ಅಂದ ತಕ್ಷಣ ಒಬ್ಬಳೇ ಹೆಂಗಸು ಅಂತ ಅಲ್ಲ, ಸೆಬೊ," ಎಂದಳು ಪ್ರಾಸ್ಕೋವಿಯಾ, ಗಂಡಸರನ್ನು ಮರ್ಯಾದೆಯಿಂದ ಕರೆಯುವ ಮಾತು ಸೇರಿಸಿ. "ಫೋನ್ ಗಂಡಂದು. ಮನೇಲಿ ಇಬ್ಬರು ಮೂವರು ಹೆಂಡ್ತೀರು ಇರ್ತಾರೆ."

"ಇಬ್ಬರಿಗೂ ಒಂದೇ ಹೆಸರು ಎಷ್ಟು ಮನೇಲಿರತ್ತೆ? ನೂರಕ್ಕೊಂದು?"

"ಗೊತ್ತಿಲ್ಲ. ನಾವು ಕೇಳೇ ಇಲ್ಲವಲ್ಲ."

ಕೇಳದೆ ಇದ್ದದ್ದಕ್ಕೆ ಕಾರಣ ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಫಾರಂ ಮೊದಲ ಸಲ ತಯಾರಾದಾಗ, ಯಾವ ಹೆಂಡತಿ ಎಂದು ಒಂದು ಕಾಲಂ ಇರಲಿ ಎಂದವಳು ಇವಳೇ. ಕೀರ್ಯ ತಡೆದಿದ್ದ. ನೆರವು ಕೊಡುವವರು ನೋಡುವ ಕಾಗದ ಇದು, ಅವರ ಮುಂದೆ ನಮ್ಮ ಸವತಿಯರ ಚಾಪೆ ಹಾಸುವುದು ಬೇಡ ಎಂದಿದ್ದ. ಅವನು ತನ್ನಪ್ಪನ ಮೂರನೇ ಹೆಂಡತಿಯ ಮಗ. ಮೇಜಿನ ಸುತ್ತ ಕೂತವರೂ ಹೆಚ್ಚುಕಡಿಮೆ ಅಂಥ ಮನೆಗಳವರೇ. ಎಲ್ಲರೂ ತಲೆಯಾಡಿಸಿದರು. ಪ್ರಾಸ್ಕೋವಿಯಾಳ ಅತ್ತೆ ನಾಲ್ವರಲ್ಲಿ ಎರಡನೆಯವಳು. ಪ್ರಾಸ್ಕೋವಿಯಾಳೂ ತಲೆಯಾಡಿಸಿದ್ದಳು.

ಹೆಸರಿನ ವಿಷಯವೂ ಹಾಗೆಯೇ. ಈ ಬುಸೋಗ ಸೀಮೆಯಲ್ಲಿ ಅವಳಿ ಹೆತ್ತವಳಿಗೆ ಅಂದಿನಿಂದ ಒಂದೇ ಹೆಸರು, ನಬಿರ್ಯೆ. ತೌರಿನ ಹೆಸರು ಮೂಲೆ ಸೇರುತ್ತದೆ. ಹಾಗೆ ಕರೆಸಿಕೊಳ್ಳುವುದು ದೊಡ್ಡ ಮರ್ಯಾದೆ, ಫಾರಂ ತುಂಬುವಾಗ ಹೆಂಗಸರು ಅದನ್ನೇ ಹೇಳುತ್ತಾರೆ. ಒಂದೇ ಅಂಗಳದಲ್ಲಿ ಇಬ್ಬರು ನಬಿರ್ಯೆಯರಿರುವುದು ಅಪರೂಪವೂ ಅಲ್ಲ.

"ಗೊತ್ತಿಲ್ಲದ್ದಕ್ಕೆಲ್ಲ ಕಾಯಕ್ಕಾಗಲ್ಲ," ಎಂದ ಕೀರ್ಯ. "ಸೋಮವಾರ ಬೆಳಿಗ್ಗೆ, ಯಾರೂ ಬಳಸದೆ ಇರೋ ಹೊತ್ತಲ್ಲಿ ಮಾಡಿಬಿಡು."

ಸೋಮವಾರ ಗಂಜಿ ಒಲೆಯ ಮೇಲಿದ್ದಾಗ ಅವಳು ಮಾಡಿದಳು. ಅದಕ್ಕೆ ಮುಂಚೆ ಇಡೀ ಡೇಟಾಬೇಸಿನ ಒಂದು ಪ್ರತಿ ತೆಗೆದು ಆಫೀಸಿನಲ್ಲಿ ತನ್ನ ಮೇಜಿನಡಿಯ ಹಳೇ ಯಂತ್ರಕ್ಕೆ ಕಳಿಸಿದಳು. ಯಾರೂ ಹೇಳಿರಲಿಲ್ಲ, ಅದು ಅವಳ ಅಭ್ಯಾಸ. ಆಮೇಲೆ ಆಜ್ಞೆ ಒತ್ತಿದಳು. ಗಂಜಿ ಉಕ್ಕಿ ಕೆಂಡದ ಮೇಲೆ ಸುರಿಯುವ ಹೊತ್ತಿಗೆ ತೆರೆಯ ಮೇಲೆ ಉತ್ತರ ಬಂತು. ಹನ್ನೊಂದು ಸಾವಿರದ ಮುನ್ನೂರ ಆರು ಸಾಲುಗಳು ಅಳಿದಿದ್ದವು. ಅವಳು ಒಲೆ ಒರೆಸಿದಳು.

ಆ ವಾರ ಸಂದೇಶಗಳೆಲ್ಲ ನಲವತ್ತು ನಿಮಿಷದಲ್ಲಿ ಹೋದವು. ಶುಕ್ರವಾರ ಆಫೀಸಿನಲ್ಲಿ ಚಪಾತಿ, ಸುಟ್ಟ ಕೋಳಿ, ಸೋಡಾ. ತಟ್ಟೆ ಹಂಚಿದವಳು ಪ್ರಾಸ್ಕೋವಿಯಾ, ಯಾಕೆಂದರೆ ತಟ್ಟೆಗಳು ಅವಳ ಮೇಜಿನ ಹತ್ತಿರವಿದ್ದವು. ಅವು ಯಾವಾಗಲೂ ಅಲ್ಲೇ ಇರುತ್ತಿದ್ದವು. ಕೀರ್ಯ ಸೋಡಾ ಬಾಟಲಿ ಎತ್ತಿ, "ಪೋಸ್ಟ್‌ಗ್ರೆಸ್ಸಿಗೆ ಮೊದಲನೇ ಹೆಂಡತಿ ಇವಳೇ ನೋಡ್ರಪ್ಪ. ಎಷ್ಟೇ ಜನ ಬಂದರೂ ಅಡಿಗೆಮನೆ ಬೀಗದಕೈ ಇವಳ ಹತ್ರಾನೇ," ಎಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮುಂದಿನ ತಿಂಗಳು ಅವನನ್ನು ನೈರೋಬಿಗೆ ಭಾಷಣಕ್ಕೆ ಕರೆದರು.

ನಾಲ್ಕು ತಿಂಗಳಾದ ಮೇಲೆ ಒಂದು ಸೋಮವಾರ, ಮಯೂಗೆ ಕಡೆಯ ಹಳ್ಳಿಯಿಂದ ಕಗೋಯ ಎಂಬ ಹೆಂಗಸು ಮಹಡಿ ಹತ್ತಿ ಬಂದಳು. ಐವತ್ತೈದರ ಆಸುಪಾಸು. ಹಳ್ಳಿಯ ಬಸುರಿಯರನ್ನು ಮನೆಮನೆಗೆ ಹೋಗಿ ವಿಚಾರಿಸಿ, ಹೆಸರು ಬರೆದು, ಫೋನಿನಲ್ಲಿ ತುಂಬಿ ಕಳಿಸುವ ಸ್ವಯಂಸೇವಕಿ. ಅದಕ್ಕೆ ಅವಳಿಗೆ ಸಿಕ್ಕಿದ್ದು ಒಂದು ಫೋನು, ಒಂದು ಸೈಕಲ್ಲು, ಒಂದು ಹಳದಿ ಅಂಗಿ. ಅವಳು ತುಂಬಿದ ಮಾಹಿತಿ ತಪ್ಪಾಗಿ ಒಂದು ಮಗು ಹೋಯಿತು, ವಸ್ತುಗಳನ್ನು ಹಿಂದಿರುಗಿಸಬೇಕು ಎಂದು ಹಿಂದಿನ ವಾರ ಕೀರ್ಯನ ಸಹಿಯ ಕಾಗದ ಹೋಗಿತ್ತು. ಅಂಗಿಯನ್ನು ಒಗೆದು ಮಡಿಸಿ ತಂದಿದ್ದಳು. ಸೈಕಲ್ಲು ಕೆಳಗೆ ಅಂಗಡಿಯವನ ಹತ್ತಿರ ಬಿಟ್ಟಿದ್ದಳು. ಕೀರ್ಯ ಊರಲ್ಲಿರಲಿಲ್ಲ. ಅವಳನ್ನು ಕೂರಿಸಿದ್ದು ಪ್ರಾಸ್ಕೋವಿಯಾಳ ಎದುರಿನ ಕುರ್ಚಿಯಲ್ಲಿ.

ನಡೆದದ್ದನ್ನು ಕಗೋಯ ಅವಸರವಿಲ್ಲದೆ ಹೇಳಿದಳು. ಒಬ್ಬ ಗಂಡಸಿನ ಅಂಗಳ. ಮೇಲಿನ ಮನೆಯಲ್ಲಿ ಒಬ್ಬ ನಬಿರ್ಯೆ, ಬಾವಿಯ ಕಡೆ ಇನ್ನೊಬ್ಬಳು. ಮೇಲಿನವಳ ಅವಳಿ ಹುಟ್ಟಿದ್ದು ಹೊಟ್ಟೆ ಕೊಯ್ದು, ಬಾವಿಯ ಕಡೆಯವಳದ್ದು ಸಲೀಸಾಗಿ. ಇಬ್ಬರೂ ಮತ್ತೆ ಬಸುರಿಯರು, ಮೂರು ವಾರದ ಅಂತರ. ಒಮ್ಮೆ ಕೊಯ್ದ ಹೊಟ್ಟೆ, ದೊಡ್ಡಾಸ್ಪತ್ರೆಗೇ ಹೋಗಬೇಕು ಎಂದು ಕಗೋಯ ಮೇಲಿನವಳಿಗೆ ಹೇಳುತ್ತಲೇ ಇದ್ದಳು. ಅಷ್ಟರಲ್ಲಿ ಗಂಡನ ಫೋನಿಗೆ ಸಂದೇಶ ಬಂತು: ನಬಿರ್ಯೆ, ನಿಮ್ಮ ದಿನ ಹತ್ತಿರವಿದೆ, ಹೆರಿಗೆಗೆ ನಿಮ್ಮೂರ ಆರೋಗ್ಯ ಕೇಂದ್ರಕ್ಕೆ ಹೋಗಿ. ಕಗೋಯಳ ಮಾತು ದೊಡ್ಡದೋ ಜಿಂಜಾದಿಂದ ಬಂದ ಮಾತು ದೊಡ್ಡದೋ? ನೋವು ಕಾಣಿಸಿಕೊಂಡಾಗ ಗಂಡ ಅವಳನ್ನು ಬಾಡಿಗೆಯ ಬೋಡಾ ಬೈಕಿನಲ್ಲಿ ಹತ್ತಿರದ ಕೇಂದ್ರಕ್ಕೇ ಒಯ್ದ. ಹಳೆಯ ಹೊಲಿಗೆ ಒಳಗೇ ಬಿಚ್ಚಿಕೊಂಡಿತು. ಮಗು ಉಳಿಯಲಿಲ್ಲ. ದೊಡ್ಡಾಸ್ಪತ್ರೆಗೆ ಸಾಗಿಸಿ, ಅವಳನ್ನು ಉಳಿಸಲು ಗರ್ಭಕೋಶ ತೆಗೆಯಬೇಕಾಯಿತು.

ಕಗೋಯ ಪ್ಲಾಸ್ಟಿಕ್ ಚೀಲ ಬಿಚ್ಚಿ ದಪ್ಪ ರಿಜಿಸ್ಟರ್ ಮೇಜಿನ ಮೇಲಿಟ್ಟಳು. "ನೋಡು ಮಗಳೇ. ಇದು ಮೇಲಿನ ಮನೆ ನಬಿರ್ಯೆ, ಕೊಯ್ದು ಹೆತ್ತವಳು. ಇದು ಬಾವಿ ಕಡೆ ನಬಿರ್ಯೆ. ಎರಡು ಪುಟ. ಬರೆದಿಲ್ವಾ ನಾನು?"

"ಬರೆದಿದ್ದೀರ, ಅಮ್ಮಾ."

"ನಿಮ್ಮ ಫೋನಲ್ಲಿ ಯಾವ ಮನೆ ಅಂತ ಬರೆಯಕ್ಕೆ ಜಾಗ ಇಲ್ಲ. ಆದರೂ ಇಬ್ಬರನ್ನೂ ಬೇರೆ ಬೇರೆ ಹಾಕಿದ್ದೆ. ಹೋಯ್ತು ಅಂತ ಫೋನು ಎರಡು ಸಲ ಹೇಳ್ತು. ಆಮೇಲೆ ಅವಳನ್ನ ತೆಗೆದವರು ಯಾರು?"

ಪ್ರಾಸ್ಕೋವಿಯಾ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಎರಡು ಚಮಚ ಸಕ್ಕರೆ ಹಾಕಿ ಅವಳ ಮುಂದಿಟ್ಟಳು. ಚಹಾ ಕೊಡುವುದರಲ್ಲಿ ಅವಳ ಕೈ ಪಳಗಿತ್ತು. ಕೊನೆಗೆ ತಿದ್ದಿದ್ದು ಬಾವಿಯ ಕಡೆಯವಳ ಸಾಲು, ಉಳಿದದ್ದು ಅದೇ, ಸಂದೇಶ ಹೊರಟದ್ದೂ ಅವಳಿಗೇ. ಕಗೋಯ ಬೇರೆ ಮಾತೆತ್ತಿದಳು. "ಮೇಲಿನ ಮನೆಯವಳ ಹೆಸರು ನಂಗೋಬಿ. ಅವಳಿ ಹುಟ್ಟಿದ ಮೇಲೆ ಯಾರೂ ಹಾಗೆ ಕರೆದಿಲ್ಲ. ಆಸ್ಪತ್ರೆಲಿ ಕೇಳಿದಾಗ ಅವಳ ಗಂಡನಿಗೇ ನೆನಪಾಗಲಿಲ್ಲ, ನಾನು ಹೇಳಿದೆ." ಹೊರಡುವಾಗ ಆ ಎರಡು ಪುಟಗಳ ಫೋಟೋ ತೆಗೆದುಕೊಳ್ಳಲು ಒಪ್ಪಿದಳು. ರಿಜಿಸ್ಟರ್ ಮಾತ್ರ ಬಿಟ್ಟುಹೋಗಲಿಲ್ಲ. ಅದರ ಪುಸ್ತಕ ತಾನೇ ಕೊಂಡದ್ದು ಎಂದಳು.

ಮರುದಿನ ಕೀರ್ಯ ಬಂದ. ಗುರುವಾರ ಪರಿಶೀಲನೆಗೆ ಜನ ಬರುವವರಿದ್ದರು, ಮೂವರು. ಒಂದು ಮಗುವಿನ ಸಾವು ಅವರವರೆಗೂ ಹೋಗಿತ್ತು. ವರದಿ ತಯಾರಿದೆ, ಸ್ವಯಂಸೇವಕಿಯ ತಪ್ಪೆಂದು ಬರೆದಾಗಿದೆ ಎಂದು ತಿಳಿಸಿದ. ಕಗೋಯಳ ರಿಜಿಸ್ಟರಿನ ಫೋಟೋ ಪ್ರಾಸ್ಕೋವಿಯಾ ತೋರಿಸಿದಳು. ಅವನು ನೋಡಿದ, ಫೋನ್ ಹಿಂದಕ್ಕೆ ಕೊಟ್ಟ.

"ಅವಳಿಗೆ ನಾವು ಸಂಬಳ ಕೊಡ್ತಿರಲಿಲ್ಲ. ಕಳಕೊಳ್ಳಕ್ಕೆ ಅವಳ ಹತ್ರ ಏನೂ ಇಲ್ಲ," ಎಂದ. ಬಾಗಿಲು ಮುಚ್ಚಿ ಬಂದು ದನಿ ತಗ್ಗಿಸಿದ. "ನಿನ್ನ ಮೇಜಿನಡಿ ಇರೋ ಆ ಹಳೇ ಪ್ರತಿ ಅಳಿಸಿಬಿಡು. ಜಾಗ ಬೇಕು."

"ಜಾಗ ಇದೆ, ಸೆಬೊ."

"ಪ್ರಾಸ್ಕೋ. ಅವತ್ತು ಅಳಿಸಿದ್ದು ಯಾರ ಹೆಸರಲ್ಲಿ ಅಂತ ಸರ್ವರ್ ಬರೆದಿಟ್ಟುಕೊಂಡಿರತ್ತೆ. ನನ್ನ ಹೆಸರಲ್ಲಂತೂ ಅಲ್ಲ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಅವನು ಹೇಳಿದ್ದು ನಿಜ. ಅವನ ಆಜ್ಞೆಗಳೆಲ್ಲ ಬಾಯಿಮಾತು. ಅವಳ ಕೆಲಸಗಳೆಲ್ಲ ಬರವಣಿಗೆ.

ಸಂಜೆ ಗೆಣಸಿಗೆ ಕಡಲೆಕಾಯಿ ಸಾರು ಬಡಿಸುತ್ತ ಗಂಡನಿಗೆ ಎಲ್ಲವನ್ನೂ ಹೇಳಿದಳು. ಮುಗೋಯ ಕೆಟ್ಟವನಲ್ಲ, ಯೋಚಿಸಿಯೇ ಮಾತಾಡಿದ. ಮಗು ಹೇಗೂ ಹೋಗಿದೆ, ನೀನು ಕೆಲಸ ಕಳೆದುಕೊಂಡರೆ ತಿರುಗಿ ಬರುತ್ತದೆಯೇ ಎಂದ. ಇಬ್ಬರು ಮಕ್ಕಳನ್ನು ಶಾಲೆಯಲ್ಲಿಟ್ಟಿರುವುದು ಮರೆಯಬೇಡ ಎಂದ. ಆಮೇಲೆ ಸಾರಿಗೆ ಉಪ್ಪು ಸಾಲದೆಂದ. ಅತ್ತೆ ಗೋಡೆಗೊರಗಿ ಕೇಳಿಸಿಕೊಳ್ಳುತ್ತಿದ್ದಳು. ಮಗ ಎದ್ದುಹೋದ ಮೇಲೆ ಬಾಯಿ ತೆರೆದಳು. "ನಾವು ನಾಲ್ಕು ಜನ ಇದ್ವಿ. ಮಕ್ಕಳು ಸತ್ತಾಗ ನಿನ್ನ ಮಾವ ಯಾವಳದ್ದು ಅಂತ ಹೆಸರು ಹಿಡಿದು ಕೇಳ್ತಿರಲಿಲ್ಲ. ಯಾವ ಮನೇಲಿ ಅಂತ ಕೇಳ್ತಿದ್ರು." ಅವಳು ಅದನ್ನು ಯಾವ ಅರ್ಥದಲ್ಲಿ ಹೇಳಿದಳೋ. ತಟ್ಟೆಗಳನ್ನು ಜೋಡಿಸಿ ತೊಳೆಯಲು ಸೊಸೆಯ ಕಡೆ ತಳ್ಳಿದಳು.

ಬುಧವಾರ ಅವಳು ಎಂದಿಗಿಂತ ಒಂದು ಗಂಟೆ ಮುಂಚೆ ಎದ್ದಳು. ಒಲೆ ಹೊತ್ತಿಸಲಿಲ್ಲ. ಲ್ಯಾಪ್‌ಟಾಪ್ ತೆರೆದು ಆಫೀಸಿನ ಹಳೇ ಯಂತ್ರಕ್ಕೆ ಸಂಪರ್ಕ ಮಾಡಿ, ಅಳಿಸಿದ ಹನ್ನೊಂದು ಸಾವಿರದ ಮುನ್ನೂರ ಆರು ಸಾಲುಗಳನ್ನು ಉಳಿಸಿಕೊಂಡವುಗಳ ಪಕ್ಕ ನಿಲ್ಲಿಸಿದಳು. ಹೆರಿಗೆಯ ದಿನ, ಹಿಂದಿನ ಹೆರಿಗೆಗಳು, ವಯಸ್ಸು, ಎತ್ತರ. ಎಲ್ಲವೂ ಒಂದೇ ಆಗಿದ್ದರೆ ಅದು ಎರಡು ಸಲ ಬರೆದದ್ದೇ ಸರಿ. ಬೇರೆಯಾಗಿದ್ದರೆ ಬೇರೆ ಹೆಂಗಸು. ನಾಲ್ಕು ತಿಂಗಳ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ ಅದು. ಅವತ್ತು ಯಾರೂ ತಡೆದಿರಲಿಲ್ಲ, ಅವಳಿಗೆ ಹೊಳೆದಿರಲೂ ಇಲ್ಲ. ಗಂಜಿ ಉಕ್ಕುತ್ತಿತ್ತು ಎಂದು ತನಗೆ ತಾನೇ ಹೇಳಿಕೊಳ್ಳಲು ನೋಡಿದಳು. ಆ ನೆವ ನಿಲ್ಲಲಿಲ್ಲ.

ಉತ್ತರ ಬಂತು. ನಾಲ್ಕು ಸಾವಿರದ ಇನ್ನೂರ ಹನ್ನೆರಡು ಬೇರೆ ಹೆಂಗಸರು. ಅವರಲ್ಲಿ ಹೆಚ್ಚಿನವರ ಹೆರಿಗೆ ಯಾವ ಸಂದೇಶವೂ ಇಲ್ಲದೆ ಆಗಿಹೋಗಿತ್ತು. ಹೇಗಾಯಿತೋ, ಯಾರು ಬಲ್ಲರು. ಹಿಂದೆ ಕೊಯ್ದು ಹೆತ್ತವರು, ಬರುವ ಆರು ವಾರದಲ್ಲಿ ದಿನ ತುಂಬುವವರು ಎಷ್ಟು ಎಂದು ಕೇಳಿದಳು. ಅರವತ್ತಮೂರು.

ಈ ಅರವತ್ತಮೂರು ಜನರಿಗೆ ತನ್ನ ಫೋನಿನಿಂದಲೇ ಒಂದೊಂದು ಸಂದೇಶ ಕಳಿಸಿಬಿಡಬಹುದಿತ್ತು. ಆಮೇಲೆ ಹಳೇ ಪ್ರತಿ ಅಳಿಸಬಹುದಿತ್ತು. ಯಾರಿಗೂ ತಿಳಿಯುವುದಿಲ್ಲ, ಯಾರೂ ಸಾಯುವುದಿಲ್ಲ, ಸಂಬಳ ನಿಲ್ಲುವುದಿಲ್ಲ. ಸದ್ದಿಲ್ಲದೆ ಸರಿಮಾಡಿ, ಏನೂ ಆಗಿಲ್ಲವೆಂಬಂತೆ ಇಟ್ಟುಬಿಡುವುದು. ಅವಳಿಗೆ ಚಿಕ್ಕಂದಿನಿಂದ ಕಲಿಸಿದ ವಿದ್ಯೆಯೇ ಅದು. ಮೊದಲನೇ ಸಂಖ್ಯೆಯನ್ನು ಫೋನಿಗೆ ಒತ್ತಿಯೂ ಆಗಿತ್ತು.

ಆದರೆ ಪಟ್ಟಿಯಲ್ಲಿ ಕೀರ್ಯನ ನಿಯಮ ಹಾಗೇ ಇರುತ್ತದೆ. ಅದು ಇರುವ ತನಕ, ನಾಳೆ ಇನ್ನೊಂದು ಅಂಗಳದ ಎರಡನೇ ನಬಿರ್ಯೆಯನ್ನು ಯಾವ ಕಗೋಯ ತುಂಬಿದರೂ ಡೇಟಾಬೇಸ್ ಬಾಗಿಲಲ್ಲೇ ತಡೆಯುತ್ತದೆ. ತಪ್ಪು ಮಯೂಗೆ ಕಡೆಯ ಹಳ್ಳಿಯಲ್ಲಿ ಕಗೋಯಳ ತಲೆಯ ಮೇಲೇ ಉಳಿಯುತ್ತದೆ.

ನಿಯಮ ತೆಗೆದು ನಾಲ್ಕು ಸಾವಿರ ಹೆಂಗಸರನ್ನು ಒಳಗೆ ತರಬೇಕೆಂದರೆ ಬೆಳಗಿನ ಸಂದೇಶಗಳನ್ನು ತಡೆಹಿಡಿಯಬೇಕು. ಒಂಬತ್ತು ಜಿಲ್ಲೆಯಲ್ಲಿ ಫೋನು ಸದ್ದು ಮಾಡದಿದ್ದರೆ ಏಳಕ್ಕೆ ಮುಂಚೆ ಕೀರ್ಯನಿಗೆ ಕರೆ ಹೋಗುತ್ತದೆ. ಮುಚ್ಚಿಡಲು ಆಗುವುದಿಲ್ಲ.

ಬದಲಾವಣೆಗಳನ್ನು ಬರೆದಿಡುವ ಕಡತವೊಂದಿತ್ತು. ಪರಿಶೀಲನೆಯವರು ಮೊದಲು ಕೇಳುವುದು ಅದನ್ನೇ. ಏನು, ಯಾವಾಗ, ಯಾರು, ಯಾಕೆ ಎಂದು ನಾಲ್ಕು ಕಾಲಂ. ಕೊನೆಯದನ್ನು ಯಾರೂ ತುಂಬುತ್ತಿರಲಿಲ್ಲ. ಪ್ರಾಸ್ಕೋವಿಯಾ ಅದರಲ್ಲಿ ಬರೆಯತೊಡಗಿದಳು. ನಾಲ್ಕು ತಿಂಗಳ ಹಿಂದಿನ ಆ ಸೋಮವಾರ ಈ ಸಾಲುಗಳನ್ನು ಅಳಿಸಿದ್ದು ನಾನು. ಅಳಿಸು ಎಂದದ್ದು ಕೀರ್ಯ, ಬಾಯಿಮಾತಿನಲ್ಲಿ. ನನ್ನ ಹತ್ತಿರ ಕಾಗದವಿಲ್ಲ. ಸ್ವಯಂಸೇವಕಿ ಕಗೋಯ ಇಬ್ಬರನ್ನೂ ಸರಿಯಾಗಿ ತುಂಬಿದ್ದಳು, ಪುಟಗಳ ಫೋಟೋ ಜೊತೆಗಿದೆ. ಎರಡನೇ ವಾಕ್ಯವನ್ನು ಯಾರೂ ನಂಬುವುದಿಲ್ಲ, ಮೊದಲನೆಯದನ್ನು ಎಲ್ಲರೂ ನಂಬುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಎರಡನ್ನೂ ಹಾಗೇ ಬಿಟ್ಟಳು.

ಒಳಗಿನಿಂದ ಮುಗೋಯ ಮಗ್ಗುಲು ಬದಲಿಸಿ, ಚಹಾ ಆಯಿತೇ ಎಂದು ಕೇಳಿದ. ಗಡಿಯಾರದಲ್ಲಿ ಐದು ಮೂವತ್ತೆಂಟು. ಆರು ಗಂಟೆಯ ಸಂದೇಶಗಳನ್ನು ನಿಲ್ಲಿಸುವ ಆಜ್ಞೆ ಬರೆದು, ಒಮ್ಮೆ ಓದಿ, ಒತ್ತಿದಳು.